ನವನಗರದಲ್ಲಿ ಹೊಲಿಸಿದ ತೊಟ್ಟಿಲ ಕೌದಿ

ನಮ್ಮ ಮನೆತನದಲ್ಲಿ ಕೂಸು ಹುಟ್ಟಿದರೆ ತೊಟ್ಟಿಲಿಗೆ ಹಾಸುವ ಮೊದಲ ಕೌದಿ (ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಜೋಡಿಸಿ ಹೊಲಿದದ್ದು) ಬಾಣಂತಿಯ ತವರಿನಿಂದಲೇ ಬರಬೇಕು, ಅದನ್ನು ಅಜ್ಜಿಯೇ ಹೊಲಿಯಬೇಕು. ಈ ಸಲ ಅಜ್ಜಿಯ ಸ್ಥಾನದಲ್ಲಿದ್ದವಳು ನಾನು. ಆದರೆ ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಈಗ ಉಳಿದಿಲ್ಲವಾದ್ದರಿಂದ, ಹಳೆಯ ಬಾಗಲಕೋಟೆಯ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಟ್ರಂಕಿನೊಳಗೆ ನಮ್ಮೊಂದಿಗೆ ಬಂದಿದ್ದ ಅತ್ತೆಯವರ ಎರಡು ಇಳಕಲ್ ಸೀರೆಗಳನ್ನೂ ಮಾವನವರ ಒಂದು ಧೋತರವನ್ನೂ ಗಂಟು ಕಟ್ಟಿಕೊಂಡು, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದಲ್ಲಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಗಳೊಬ್ಬರ ಮನೆಗೆ ಹೋದೆ.

ಅವರು ಮೊದಲು ದರ ಹೇಳಲಿಲ್ಲ. ಸೀರೆಗಳನ್ನು ಬಿಸಿಲಿಗೆ ಹಿಡಿದು ಎಲ್ಲಿ ಜಾಳಾಗಿದೆ ಎಂದು ನೋಡಿದರು, ಒದ್ದೆ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿದರು. ಬಿಳಿ ತೆನಿಯ (ಸಾಲು ಗೋಪುರಗಳಂಥ ನೇಯ್ಗೆಯ) ಕೆಂಪು ಸೆರಗೇ ಕೌದಿಯ ಮೇಲ್ಮೈ ತುಂಬ ಇರಲಿ ಎಂಬುದು ನನ್ನ ಆಸೆ. ಅದಕ್ಕೆ ಅವರು ಒಪ್ಪಲಿಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಎಷ್ಟೋ ವರ್ಷ ಮಡಿಕೆಯಲ್ಲೇ ಇದ್ದ ಆ ರೇಷ್ಮೆ ಎರಡು ಒಗೆತಕ್ಕೆ ಹರಿದುಹೋಗುತ್ತದೆ, ಕೂಸಿನ ಹಾಸಿಗೆಯೆಂದರೆ ದಿನವೂ ಒಗೆತ, ಎಂದರು. ಆದ್ದರಿಂದ ಮೇಲಕ್ಕೂ ಕೆಳಕ್ಕೂ ಹತ್ತಿಯ ಒಡಲು, ನಡುವೆ ಧೋತರದ ಮೂರು ಪದರು, ಸೆರಗಿನದು ಮಾತ್ರ ಎದೆಯ ಮಟ್ಟದಲ್ಲಿ ಅಂಗೈ ಅಗಲದ ಒಂದು ಚೌಕ ಎಂದು ನಿರ್ಧಾರವಾಯಿತು. ಗಿರಾಕಿಯ ಮಾತಿಗೆ ತಲೆಯಾಡಿಸಿ ಮುಂಗಡ ಪಡೆಯುವವರ ನಡುವೆ ಈ ನಿಷ್ಠುರತೆ ನನಗೆ ಹಿಡಿಸಿತು.

ಹೊಲಿಗೆ ಪೂರ್ತಿ ಕೈಯದು. ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುವ ಸಾಲುಗಳ ಮಧ್ಯೆ ಅರ್ಧ ಬೆರಳಿನಷ್ಟೇ ಅಂತರವಿದೆ; ಒಂದು ಟಾಕಿ (ಹೊಲಿಗೆ) ಕಿತ್ತರೂ ಪಕ್ಕದ ಸಾಲು ಪದರುಗಳನ್ನು ಹಿಡಿದುಕೊಂಡಿರುತ್ತದೆ. ಪೇಟೆಯಲ್ಲಿ ಸಿಗುವ ಯಂತ್ರದ ಹೊಲಿಗೆಯ ಕೌದಿ ನೋಡಲು ಚೊಕ್ಕಟವಾಗಿರುತ್ತದೆ, ಆದರೆ ಬಿಗಿದ ದಾರದಿಂದ ರಟ್ಟಿನಂತೆ ಸೆಟೆದುಕೊಂಡಿರುತ್ತದೆ. ಕೊನೆಯ ಮೂಲೆ ಮುಚ್ಚುವ ಮುನ್ನ ನಮ್ಮ ರೂಢಿಯಂತೆ ಒಣರೊಟ್ಟಿಯ ಚೂರೊಂದನ್ನು ಒಳಗಿಡಬೇಕೆಂದು ಕೇಳಿಕೊಂಡಾಗ ಅವರು ನಗಲಿಲ್ಲ. ಕೌದಿ ಬರಿಹೊಟ್ಟೆಯಲ್ಲಿರಬಾರದೆಂದು ತಮ್ಮ ತಾಯಿಯೂ ಹೇಳುತ್ತಿದ್ದರಂತೆ.

ದೂರುಗಳೂ ಇವೆ. ಮೂರು ವಾರವೆಂದವರು ಏಳು ವಾರ ತೆಗೆದುಕೊಂಡರು. ತೊಟ್ಟಿಲಿಗೆ ಹಾಕುವ ದಿನ ನಾವು ನೆರೆಮನೆಯ ಕೌದಿಯನ್ನು ಎರವಲು ತರಬೇಕಾಯಿತು. ಅಂಚಿಗೆ ನನ್ನನ್ನು ಕೇಳದೆ ಪಾಲಿಯೆಸ್ಟರ್ ಪಟ್ಟಿ ಹಚ್ಚಿದ್ದರು. ಕೂಸಿನ ಗದ್ದಕ್ಕೆ ತಗಲುವುದೇ ಆ ಜಾಗವೆಂದು ತೋರಿಸಿದ ಮೇಲೆ ಬಿಚ್ಚಿ, ನಮ್ಮದೇ ಸೀರೆಯ ಚಿಕ್ಕಿಪರಾಸ ವಿನ್ಯಾಸದ ದಡಿಯನ್ನು (ಅಂಚನ್ನು) ಹಚ್ಚಿಕೊಟ್ಟರು. ಹೆಚ್ಚಿನ ಹಣ ಕೇಳಲಿಲ್ಲ. ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಕೌದಿಗೆ ದಾರವೂ ಸೇರಿ 1,400 ರೂಪಾಯಿ ಕೊಟ್ಟೆ. ದಿನಗಟ್ಟಲೆ ಬಗ್ಗಿ ಕುಳಿತು ಮಾಡುವ ಕೆಲಸಕ್ಕೆ ಇದು ದುಬಾರಿಯೆಂದು ಚೌಕಾಸಿ ಮಾಡುವವರು ಒಂದು ಸಾಲನ್ನಾದರೂ ತಾವೇ ಹೊಲಿದು ನೋಡಲಿ.

ಹೊಲಿಸಬೇಕೆಂದಿರುವವರು ಕುಬಸದ (ಸೀಮಂತದ) ಹೊತ್ತಿಗೇ ಬಟ್ಟೆ ಕೊಟ್ಟುಬಿಡುವುದು ಒಳ್ಳೆಯದು, ಗಂಜಿ ಹೋಗುವಂತೆ ಒಗೆದು ಒಣಗಿಸಿ ಕೊಡಬೇಕು, ಅಂಚಿನ ಬಟ್ಟೆಯ ಮಾತನ್ನು ಮೊದಲೇ ಮುಗಿಸಿಕೊಳ್ಳಬೇಕು. ಐದು ಪದರಿನ ಕೌದಿ ಚಳಿಗಾಲದಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲವೆಂಬುದನ್ನು ಬಾಣಂತಿಯ ಮನೆಯವರು ಮರೆಯಬಾರದು. ಉಳಿದ ದಡಿಯ ತುಂಡುಗಳನ್ನು ಕೌದಿ ಹೊಲಿದವರು ಎಸೆಯದೆ ಸುತ್ತಿ ಕೊಟ್ಟಿದ್ದರು. ಕೂಸಿನ ಕುಂಚಿಗೆಗೆ (ತಲೆಗೆ ಹಾಕುವ ಟೊಪ್ಪಿಗೆಗೆ) ಅಂಚು ಹಚ್ಚಲು ಅಷ್ಟೇ ಸಾಕಾಯಿತು.