ಜರ್ಮನ್ ಕಲಿಯಲು ‘ನಿಕೋಸ್ ವೇಗ್’: ಬಹುಕಾಲ ಬಳಸಿದವಳ ಅಭಿಪ್ರಾಯ

ಜರ್ಮನಿಗೆ ಓದಲು ಬರುವವರು, ಕೆಲಸ ಸಿಕ್ಕಿ ಬರುವವರು, ಮದುವೆಯಾಗಿ ಬರುವವರು ಎಲ್ಲರೂ ಕೇಳುವುದು ಒಂದೇ: ಭಾಷೆ ಕಲಿಯೋದು ಎಲ್ಲಿಂದ ಶುರು ಮಾಡಬೇಕು? ದುಡ್ಡು ಕಟ್ಟಿ ಕ್ಲಾಸಿಗೆ ಸೇರುವ ಮುಂಚೆ ಡಾಯ್ಚ ವೆಲ್ಲೆಯ ‘ನಿಕೋಸ್ ವೇಗ್’ ಅನ್ನುವ ಆನ್‌ಲೈನ್ ವಿಡಿಯೋ ಕೋರ್ಸ್ ನೋಡಿ ಅಂತ ಹೇಳುತ್ತೇನೆ. ಧಾರವಾಡದಲ್ಲಿದ್ದಾಗ ನಾನು ಅದರಿಂದಲೇ ಶುರು ಮಾಡಿದೆ. ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಅದರ ಬಿ1, ಅಂದರೆ ಮಧ್ಯಮ ಹಂತದ ಪಾಠಗಳನ್ನು ಇನ್ನೂ ನೋಡುತ್ತಿದ್ದೇನೆ. ನನ್ನ ಗಂಡನದು ಬ್ಲೂ ಕಾರ್ಡ್ (ಉನ್ನತ ಶಿಕ್ಷಣ ಪಡೆದ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಆದ್ದರಿಂದ ವೀಸಾಕ್ಕೆ ನನಗೆ ಎ1, ಅಂದರೆ ಆರಂಭಿಕ ಹಂತದ ಪರೀಕ್ಷೆ ಕಡ್ಡಾಯವಿರಲಿಲ್ಲ. ಆದರೂ ಕಲಿತೆ. ಅಂಗಡಿಯಲ್ಲಿ, ಡಾಕ್ಟರ ಹತ್ತಿರ ನನ್ನ ಮಾತು ನಾನೇ ಆಡಬೇಕು ಅನ್ನುವುದು ನನಗೆ ಮುಖ್ಯವಾಗಿತ್ತು.

ಡಾಯ್ಚ ವೆಲ್ಲೆ ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆ. ಕೋರ್ಸ್ ಪೂರ್ತಿ ಉಚಿತ. ಎ1, ಎ2, ಬಿ1 ಅಂತ ಮೂರು ಹಂತ. ಸ್ಪೇನ್‌ನಿಂದ ಬರುವ ನಿಕೋ ಎಂಬ ಹುಡುಗ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಕಳೆದುಕೊಳ್ಳುತ್ತಾನೆ. ಅಲ್ಲಿಂದ ಕತೆ ಬೆಳೆಯುತ್ತಾ ಹೋಗುತ್ತದೆ. ಅವನಿಗೆ ನೆರವಾಗುವ ಲೀಸಾ, ಸಿರಿಯಾದಿಂದ ಬಂದ ಸೆಲ್ಮಾ, ರೆಸ್ಟೋರೆಂಟ್ ನಡೆಸುವ ಟಾರೆಕ್ ಮತ್ತು ಮಾಕ್ಸ್, ಎಲ್ಲರೂ ದಿನಬಳಕೆಯ ಮಾತನ್ನೇ ಆಡುತ್ತಾರೆ. ಒಂದೊಂದು ಪಾಠವೂ ಚಿಕ್ಕ ವಿಡಿಯೋ, ಅದಕ್ಕೆ ಅಭ್ಯಾಸ, ಪದಪಟ್ಟಿ, ವ್ಯಾಕರಣ. ಕನ್ನಡದಲ್ಲಿ ವಿವರಣೆ ಇಲ್ಲ, ಇಂಗ್ಲಿಷ್ ಓದಲು ಬಂದರೆ ಸಾಕು.

ಇದರ ದೊಡ್ಡ ಗುಣ ಕಿವಿಗೆ ಸಂಬಂಧಿಸಿದ್ದು. ಜರ್ಮನ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ. ಬೇಡ ಅಂತ ಒತ್ತಿ ಹೇಳುತ್ತೇನೆ. ಇಲ್ಲಿ ನಾನು ಬರೆದಿರುವುದನ್ನೂ ಹತ್ತಿರದ ಸುಳಿವು ಅಂತಷ್ಟೇ ತೆಗೆದುಕೊಳ್ಳಿ, ಉಚ್ಚಾರ ವಿಡಿಯೋ ಕೇಳಿಯೇ ಕಲಿಯಬೇಕು. ‘ನಾನು’ ಅನ್ನುವುದಕ್ಕೆ ‘ಇಶ್’ ಅಂತ ಎಲ್ಲೆಲ್ಲೂ ಬರೆದಿರುತ್ತಾರೆ. ಆ ಧ್ವನಿ ಶ್ ಅಲ್ಲ, ಹ್ ಕೂಡ ಅಲ್ಲ. ‘ಈ’ ಅನ್ನಲು ನಾಲಿಗೆ ಎಲ್ಲಿರುತ್ತದೋ ಅಲ್ಲೇ ಇಟ್ಟು ಬರೀ ಗಾಳಿ ಬಿಟ್ಟರೆ ಅದು ಬರುತ್ತದೆ. ಹೊರಡುವಾಗ ಹೇಳುವ ‘ಚ್ಯೂಸ್’ನಲ್ಲಿರುವ ಸ್ವರ ಕನ್ನಡದಲ್ಲಿಲ್ಲ. ನಾಲಿಗೆಯನ್ನು ‘ಇ’ಗೆ ಇಟ್ಟು ತುಟಿಯನ್ನು ‘ಉ’ಗೆ ದುಂಡಗೆ ಮಾಡಿ ನೋಡಿ, ಸಿಗುತ್ತದೆ. ನಮಸ್ಕಾರಕ್ಕೆ ಬರೆಯುವುದು ‘ಗೂಟನ್ ಟಾಗ್’, ಹೇಳುವಾಗ ಕೊನೆಯ ಗ್ ಕ್ ಆಗಿ ‘ಟಾಕ್’ ಎಂದು ಕೇಳಿಸುತ್ತದೆ. ಕೋರ್ಸಿನ ಹೆಸರಿನ ‘ವೇಗ್’ ಕೂಡ ಹಾಗೇ.

ಹ್ರಸ್ವ-ದೀರ್ಘದ ವಿಷಯದಲ್ಲಿ ಮಾತ್ರ ಕನ್ನಡಿಗರ ಕಿವಿ ಮೊದಲೇ ತಯಾರಾಗಿರುತ್ತದೆ. ‘ಶ್ಟಟ್’ ಅಂದರೆ ಊರು, ‘ಶ್ಟಾಟ್’ ಅಂದರೆ ದೇಶ. ಆ ವ್ಯತ್ಯಾಸ ಹಿಡಿಯಲು ಬೇರೆ ದೇಶದವರು ಒದ್ದಾಡುವುದನ್ನು ಕ್ಲಾಸಿನಲ್ಲಿ ಕಂಡಿದ್ದೇನೆ, ನಮಗೆ ಅದು ಸಲೀಸು. ಒಂದು ಎಚ್ಚರ ಇರಲಿ: ಜರ್ಮನ್‌ನಲ್ಲಿ ಎರಡು ಟಿ ಬರೆದಿದ್ದರೆ ಒತ್ತಕ್ಷರದ ಹಾಗೆ ಒತ್ತಿ ಹೇಳಬಾರದು. ಅದರ ಹಿಂದಿನ ಸ್ವರ ಚಿಕ್ಕದು ಅನ್ನುವ ಗುರುತು ಅದು. ‘ದಯವಿಟ್ಟು’ ಅನ್ನುವ ಪದ ‘ಬಿಟೆ’, ‘ಬಿಟ್ಟೆ’ ಅಲ್ಲ.

ಪರಿಚಯದ ಮಾತುಗಳು ಕೋರ್ಸಿನ ಆರಂಭದಲ್ಲೇ ಬರುತ್ತವೆ: ಹೆಸರು, ಊರು, ಮಾತಾಡುವ ಭಾಷೆ, ಕೆಲಸ. ‘ಇಶ್ ಹೈಸೆ...’ (ನನ್ನ ಹೆಸರು...), ‘ಇಶ್ ಕೊಮೆ ಔಸ್ ಇಂಡಿಯನ್’ (ನಾನು ಭಾರತದವಳು), ‘ಇಶ್ ಶ್ಪ್ರೆಶೆ ಕನ್ನಡ’ (ನಾನು ಕನ್ನಡ ಮಾತಾಡುತ್ತೇನೆ). ಇವನ್ನೆಲ್ಲ ಪಟ್ಟಿಯಾಗಿ ಓದಿದರೆ ಮಾರನೇ ದಿನಕ್ಕೆ ಉಳಿಯುವುದಿಲ್ಲ. ಯಾರೋ ಯಾರಿಗೋ ಕೈಕುಲುಕಿ ಹೇಳುವುದನ್ನು ನೋಡಿದರೆ ಉಳಿಯುತ್ತದೆ. ಯಾರಿಗೆ ‘ಡೂ’ (ನೀನು), ಯಾರಿಗೆ ‘ಜೀ’ (ನೀವು) ಅನ್ನುವುದೂ ದೃಶ್ಯ ನೋಡಿಯೇ ಮನಸ್ಸಿಗೆ ಇಳಿಯುತ್ತದೆ. ನೀನು-ನೀವು ಇರುವ ಭಾಷೆಯವರಿಗೆ ಇದು ಹೊಸದಲ್ಲ, ಆದರೆ ಲೆಕ್ಕಾಚಾರ ಬೇರೆ. ನಾವು ವಯಸ್ಸು ನೋಡುತ್ತೇವೆ, ಇಲ್ಲಿ ಪರಿಚಯ ಎಷ್ಟು ಅಂತ ನೋಡುತ್ತಾರೆ. ನನಗಿಂತ ಚಿಕ್ಕ ವಯಸ್ಸಿನ ಬ್ಯಾಂಕ್ ಉದ್ಯೋಗಿಗೂ ‘ಜೀ’, ಮನೆಯಲ್ಲಿ ಸಲಿಗೆ ಬೆಳೆದ ಅತ್ತೆಗೂ ‘ಡೂ’. ಎದುರಿನವರೇ ‘ಡೂ’ ಅನ್ನೋಣ ಎನ್ನುವವರೆಗೆ ‘ಜೀ’ ಬಿಡದಿದ್ದರೆ ಯಾರಿಗೂ ಬೇಸರವಾಗುವುದಿಲ್ಲ.

ಪಾಠದಲ್ಲಿ ಸಿಗುವುದು ಎಲ್ಲ ಕಡೆ ನಡೆಯುವ ಜರ್ಮನ್, ಬೀದಿಗೆ ಬಂದರೆ ಪ್ರದೇಶದ ಬಣ್ಣ ಸೇರುತ್ತದೆ. ನಮ್ಮ ಕಡೆ ಹಿರಿಯರು ‘ಗ್ರ್ಯೂಸ್ ಗೊಟ್’ ಅನ್ನುತ್ತಾರೆ, ಹ್ಯಾಂಬರ್ಗ್ ಕಡೆ ಬೆಳಗ್ಗೆಯಿಂದ ರಾತ್ರಿಯವರೆಗೂ ‘ಮೊಯ್ನ್’, ಮ್ಯೂನಿಕ್‌ನಲ್ಲಿ ‘ಜೆರ್ವುಸ್’. ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸ್ ಕಾರಿಡಾರ್‌ನಲ್ಲಿ ‘ಮಾಲ್‌ಟ್ಸೈಟ್’ ಅಂದರೆ ಅದೂ ನಮಸ್ಕಾರವೇ. ಡಾಕ್ಟರ ವೇಟಿಂಗ್ ರೂಮಿಗೆ ಕಾಲಿಟ್ಟಾಗ ಅಲ್ಲಿ ಕುಳಿತ ಅಪರಿಚಿತರಿಗೆಲ್ಲ ಒಮ್ಮೆ ‘ಗೂಟನ್ ಟಾಕ್’ ಹೇಳುವುದು ಇಲ್ಲಿನ ರೂಢಿ. ನನಗೆ ಬಹಳ ಇಷ್ಟವಾದ ಪದ್ಧತಿ ಇದು.

ಕನ್ನಡಿಗರಿಗೆ ನಿಜವಾಗಿ ಕಷ್ಟವಾಗುವುದು ಲಿಂಗ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು, ವಸ್ತುಗಳೆಲ್ಲ ನಪುಂಸಕ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ: ಡೇರ್ ಲ್ಯೊಫೆಲ್, ಡೀ ಗಾಬೆಲ್, ಡಸ್ ಮೆಸರ್. ಕಾರಣ ಹುಡುಕಿ ಪ್ರಯೋಜನವಿಲ್ಲ. ಹಿಂದಿ, ಮರಾಠಿ ಮನೆಮಾತಿನವರಿಗೆ ವಸ್ತುಗಳಿಗೂ ಲಿಂಗವಿರುವುದು ವಿಚಿತ್ರ ಅನ್ನಿಸುವುದಿಲ್ಲ, ನಮಗೆ ಅನ್ನಿಸುತ್ತದೆ. ಪದದ ಜೊತೆ ಲಿಂಗ ತೋರಿಸುವ ಡೇರ್, ಡೀ, ಡಸ್ ಸೇರಿಸಿಯೇ ಕಲಿಯಿರಿ, ಪದಪಟ್ಟಿಯಲ್ಲಿರುವ ಆಡಿಯೋ ಕೇಳಿ ಜೋರಾಗಿ ಹೇಳಿ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟ್ ಎ1ಗೆ ಸುಮಾರು 650 ಪದಗಳ ಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಎಷ್ಟು ದೂರ ಬಂದಿದ್ದೇವೆ ಅಂತ ತಿಳಿಯುತ್ತದೆ.

ಸಂಖ್ಯೆ, ಸಮಯ ಎರಡಕ್ಕೂ ಪ್ರತ್ಯೇಕ ಅಭ್ಯಾಸ ಬೇಕು. 21 ಅಂದರೆ ‘ಒಂದು ಮತ್ತು ಇಪ್ಪತ್ತು’. ‘ಹಲ್ಪ್ ಡ್ರೈ’ ಅಂದರೆ ಎರಡೂವರೆ, ಮೂರೂವರೆ ಅಲ್ಲ. ಅಪಾಯಿಂಟ್‌ಮೆಂಟ್‌ಗೆ ಹೋಗುವವರು ಇದನ್ನು ಮೊದಲು ಕಲಿತುಬಿಡಿ.

ಈ ಕೋರ್ಸ್‌ನಲ್ಲಿ ಇಲ್ಲದ್ದು ಎದುರಿಗೆ ಒಬ್ಬ ಮನುಷ್ಯ. ಉಚಿತವಾಗಿ, ಒಬ್ಬರೇ ಕುಳಿತು ಕಲಿಯುವ ಯಾವ ಕೋರ್ಸ್‌ನಲ್ಲೂ ಇದು ಹಾಗೇ. ಬೇಕರಿಯಲ್ಲಿ ‘ಇಶ್ ಹೆಟೆ ಗೆರ್ನ್ ಟ್ಸ್ವೈ ಬ್ರೇಟ್ಸೆಲ್ನ್’ (ನನಗೆ ಎರಡು ಬ್ರೇಟ್ಸೆಲ್ ಬೇಕಿತ್ತು) ಅಂತ ಕೇಳಿದ ತಕ್ಷಣ ಅಂಗಡಿಯಾಕೆ ‘ಜೊನ್ಸ್ಟ್ ನೊಖ್ ಎಟ್ವಸ್?’ ಅನ್ನುತ್ತಾಳೆ: ಇನ್ನೇನಾದರೂ ಬೇಕಾ? ಉತ್ತರ ನಾಲಿಗೆಯ ತುದಿಯಲ್ಲಿರಬೇಕು. ಆಮೇಲೆ ‘ಕಾರ್ಟೆ ಓಡರ್ ಬಾರ್?’, ಕಾರ್ಡಾ ನಗದಾ? ಹೋಟೆಲಲ್ಲಾದರೆ ‘ಟ್ಸುಜಮೆನ್ ಓಡರ್ ಗೆಟ್ರೆನ್ಟ್?’, ಬಿಲ್ ಒಟ್ಟಿಗಾ ಬೇರೆ ಬೇರೆಯಾ? ಈ ಸಣ್ಣ ಪ್ರಶ್ನೆಗಳು ದಿನಾ ಬರುತ್ತವೆ. ಆದ್ದರಿಂದ ಜೊತೆಗೊಬ್ಬರನ್ನು ಹುಡುಕಿಕೊಳ್ಳಿ. ನನಗೆ ಧಾರವಾಡದಲ್ಲಿ ಗೆಳತಿಯೊಬ್ಬಳು ಫೋನಿನಲ್ಲಿ ಗಿರಾಕಿಯಾಗುತ್ತಿದ್ದಳು, ನಾನು ಅಂಗಡಿಯವಳು, ಮರುದಿನ ಅದಲುಬದಲು. ಅಷ್ಟೇ ಸಾಕಾಗಿತ್ತು. ಬರೆದದ್ದನ್ನು ತಿದ್ದಿಸಿಕೊಳ್ಳಲು ಜರ್ಮನಿಯ ವಯಸ್ಕರ ಶಿಕ್ಷಣ ಕೇಂದ್ರಗಳ ಒಕ್ಕೂಟ ನಡೆಸುವ ‘ಫೌ ಹಾ ಎಸ್ ಲೆರ್ನ್‌ಪೋರ್ಟಾಲ್’ (vhs-Lernportal) ಎಂಬ ಜಾಲತಾಣ ಇದೆ. ಅದೂ ಉಚಿತ, ಅಲ್ಲಿ ಟ್ಯೂಟರ್‌ಗಳು ನೋಡಿ ಹೇಳುತ್ತಾರೆ.

ಪರೀಕ್ಷೆ ಬರೆಯುವವರಿಗೆ ಇಷ್ಟು ಸೇರಿಸುತ್ತೇನೆ. ಗೋಥೆಯ ಎ1ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಪಾಸಾಗಲು 100ಕ್ಕೆ 60 ಬೇಕು. ಮಾತಿನ ಭಾಗ ಶುರುವಾಗುವುದೇ ಸ್ವಪರಿಚಯದಿಂದ: ಹೆಸರು, ವಯಸ್ಸು, ದೇಶ, ಊರು, ಭಾಷೆ, ಕೆಲಸ, ಹವ್ಯಾಸ. ಅದಾದ ಮೇಲೆ ಹೆಸರನ್ನು ಅಕ್ಷರ ಬಿಡಿಸಿ ಹೇಳಿ ಅನ್ನಬಹುದು, ಫೋನ್ ನಂಬರ್ ಕೇಳಬಹುದು. ಕೋರ್ಸಿನ ಅಕ್ಷರಮಾಲೆ ಪಾಠವನ್ನು ಹಾರಿಸಬೇಡಿ. ನಮ್ಮ ಹೆಸರುಗಳು ಇಲ್ಲಿನವರಿಗೆ ಹೊಸತು, ಹಾಗಾಗಿ ಪರೀಕ್ಷೆ ಮುಗಿದ ಮೇಲೂ ಪ್ರತಿ ಕಚೇರಿಯಲ್ಲಿ, ಪ್ರತಿ ಫೋನಿನಲ್ಲಿ ಅಕ್ಷರ ಬಿಡಿಸುವ ಕೆಲಸ ಇದ್ದೇ ಇರುತ್ತದೆ. ವಿ ಅಕ್ಷರಕ್ಕೆ ‘ಫೌ’, ಡಬ್ಲ್ಯೂಗೆ ‘ವೇ’, ವೈಗೆ ‘ಯುಪ್ಸಿಲೋನ್’, ಜೆಗೆ ‘ಯೋಟ್’. ವಿಜಯ, ವೀಣಾ, ಜ್ಯೋತಿ ಅನ್ನುವ ಹೆಸರಿನವರು ಇದನ್ನು ಮೊದಲ ವಾರದಲ್ಲೇ ರೂಢಿ ಮಾಡಿಕೊಳ್ಳಿ.