ಕನ್ನಡ ಹೆಸರಿನ ಕಡತಗಳನ್ನು ಪಟ್ಟಿ ಮಾಡಲು ಎಲ್‌ಎಸ್, ಈಝಾ, ಟ್ರೀ, ಪೈಥಾನ್: ಒಂದು ಹೋಲಿಕೆ

ಹಾಸನ ಜಿಲ್ಲೆಯ ಊರುಗಳನ್ನು ಸುತ್ತಿ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರ ತೆಗೆದಿಡುವ ಕೆಲಸದಲ್ಲಿ ನಾನೂ ನಿವೃತ್ತ ಮೇಷ್ಟ್ರೊಬ್ಬರೂ ಕೆಲವು ವರ್ಷಗಳಿಂದ ತೊಡಗಿದ್ದೇವೆ. ಜಿಲ್ಲೆಯ 8 ತಾಲ್ಲೂಕುಗಳಿಗೆ 8 ಫೋಲ್ಡರ್‌ಗಳಿವೆ. ಅವುಗಳೊಳಗೆ ಊರಿನ ಫೋಲ್ಡರ್‌ಗಳು, ಊರಿನೊಳಗೆ ಕ್ರಮಸಂಖ್ಯೆ ಹೊತ್ತ ಚಿತ್ರಗಳು. ಹೆಸರುಗಳೆಲ್ಲವೂ ಕನ್ನಡದಲ್ಲೇ ಇರಬೇಕೆಂಬುದು ಮೇಷ್ಟ್ರ ಒತ್ತಾಯವಾಗಿತ್ತು. ಒಂದೇ ಊರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಜನ ಮೂರು ಬಗೆಯಾಗಿ ಬರೆಯುವುದನ್ನು ಕಂಡಿದ್ದರಿಂದ ನಾನೂ ಒಪ್ಪಿಕೊಂಡೆ. ಪ್ರತಿ ತಿಂಗಳೂ ಹಾರ್ಡ್‌ಡಿಸ್ಕಿನಲ್ಲಿರುವುದರ ಪಟ್ಟಿ ತೆಗೆದು ಮೇಷ್ಟ್ರ ನೋಟ್‌ಬುಕ್ಕಿನೊಡನೆ ತಾಳೆ ನೋಡಬೇಕು. ಆ ಪಟ್ಟಿಯನ್ನು ಯಾವುದರಿಂದ ತೆಗೆಯುವುದು ಸೂಕ್ತ ಎಂದು ತಿಳಿಯಲು ಉಬುಂಟು ಎಂಬ ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ, ಅದೇ ಹಾರ್ಡ್‌ಡಿಸ್ಕಿನ ಮೇಲೆ, ನಾಲ್ಕು ಸಾಧನಗಳನ್ನು ಬಳಸಿ ನೋಡಿದೆ.

ಮೊದಲನೆಯದು ಸಹಜವಾಗಿಯೇ ಎಲ್‌ಎಸ್. 1971ರ ಮೊದಲ ಯೂನಿಕ್ಸ್‌ನಿಂದಲೂ ಇರುವ ಈ ಕಮಾಂಡ್ ಯಾವ ಲಿನಕ್ಸ್ ಗಣಕದಲ್ಲಾದರೂ ಸಿಗುತ್ತದೆ, ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಬಲ. ಆದರೆ ಇದರ ಸಾಮಾನ್ಯ ವಿಂಗಡಣೆಯಲ್ಲಿ 10ನೆಯ ಚಿತ್ರ 2ನೆಯದಕ್ಕಿಂತ ಮೊದಲು ಬರುತ್ತದೆ. ವಿ ಆಯ್ಕೆ ಕೊಟ್ಟರೆ ಅಂಕಿಗಳನ್ನು ಸಂಖ್ಯೆಗಳಾಗಿ ಓದಿ ಸರಿಯಾದ ಕ್ರಮದಲ್ಲಿ ತೋರಿಸುತ್ತದೆ. ಇಷ್ಟಕ್ಕೆ ತೃಪ್ತನಾಗಿ ಪಟ್ಟಿಯನ್ನು ಮೇಷ್ಟ್ರಿಗೆ ತೋರಿಸಿದಾಗ ಅವರು ತಾವೇ ಹೆಸರಿಟ್ಟಿದ್ದ ಕಡತಗಳತ್ತ ಬೆರಳು ಮಾಡಿದರು. ಅವುಗಳಲ್ಲಿದ್ದುದು ಕನ್ನಡ ಅಂಕಿಗಳು. ೧೦ ಇನ್ನೂ ೨ರ ಮೇಲೆಯೇ ಕುಳಿತಿತ್ತು, ಏಕೆಂದರೆ ಎಲ್‌ಎಸ್‌ನ ವಿ ಆಯ್ಕೆಗೆ 0ಯಿಂದ 9ರವರೆಗಿನ ಅಂಕಿಗಳು ಮಾತ್ರ ಅಂಕಿಗಳು, ಕನ್ನಡದ ಅಂಕಿಗಳು ಬರಿಯ ಅಕ್ಷರಗಳು.

ಈಝಾ ಎಂಬುದು ರಸ್ಟ್ ಭಾಷೆಯಲ್ಲಿ ಬರೆದ ಹೊಸ ಕಾಲದ ಪಟ್ಟಿಗಾರ. ಮೊದಲಿದ್ದ ಎಕ್ಸಾದ ನಿರ್ವಹಣೆ ನಿಂತುಹೋದ ಮೇಲೆ 2023ರಲ್ಲಿ ಅದರ ಕವಲಾಗಿ ಹುಟ್ಟಿದ್ದು. ಕಣ್ಣಿಗೆ ಇಷ್ಟು ಹಿತವಾದ ಪಟ್ಟಿಯನ್ನು ಬೇರಾವುದೂ ಕೊಡಲಿಲ್ಲವೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ಕಡತದ ಗಾತ್ರ, ದಿನಾಂಕ, ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ ಅದರ ಸ್ಥಿತಿ, ಎಲ್ಲವೂ ಬಣ್ಣಬಣ್ಣದ ಸಾಲುಗಳಲ್ಲಿ ಕಾಣುತ್ತವೆ. ಸಂಖ್ಯೆಗಳ ಸಹಜ ಕ್ರಮವನ್ನು ಕೇಳದೆಯೇ ಪಾಲಿಸುತ್ತದೆ, ಆದರೂ ಕನ್ನಡ ಅಂಕಿಗಳ ವಿಷಯದಲ್ಲಿ ಇದೂ ಎಲ್‌ಎಸ್‌ನ ದಾರಿಯನ್ನೇ ಹಿಡಿಯಿತು. ಟ್ರೀ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ತಾಲ್ಲೂಕು, ಊರು, ಕಡತ ಎಂಬ ಕವಲುಗಳನ್ನು ಒಂದೇ ನೋಟಕ್ಕೆ ತೋರಿಸಿ ಕೊನೆಯ ಸಾಲಿನಲ್ಲಿ ಫೋಲ್ಡರ್ ಎಷ್ಟು, ಕಡತ ಎಷ್ಟು ಎಂಬ ಲೆಕ್ಕ ಕೊಡುತ್ತದೆ. ಮುದ್ರಿಸಿ ಮೇಷ್ಟ್ರ ಕೈಗೆ ಕೊಡಲು ನಾನು ಇವತ್ತಿಗೂ ಬಳಸುವುದು ಅದನ್ನೇ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ಯಾನ್‌ಡಿರ್ ಇವುಗಳ ಸಾಲಿಗೆ ಸೇರಿದ್ದಲ್ಲ, ಅದು ಕಮಾಂಡ್ ಅಲ್ಲ, ಲೈಬ್ರರಿಯ ಒಂದು ಫಂಕ್ಷನ್. ಮೊದಲು ಎಲ್ಲರೂ ಬಳಸುತ್ತಿದ್ದ ಲಿಸ್ಟ್‌ಡಿರ್ ಹೆಸರುಗಳನ್ನಷ್ಟೇ ಹಿಂದಿರುಗಿಸುತ್ತದೆ. ಆ ಹೆಸರು ಕಡತದ್ದೋ ಫೋಲ್ಡರಿನದೋ ಎಂದು ತಿಳಿಯಲು ಪ್ರತಿಯೊಂದಕ್ಕೂ ಆಪರೇಟಿಂಗ್ ಸಿಸ್ಟಮ್ಮನ್ನು ಮತ್ತೆ ಕೇಳಬೇಕು. 2015ರಲ್ಲಿ ಬಂದ ಪೈಥಾನ್ 3.5ರಲ್ಲಿ ಸೇರಿದ ಸ್ಕ್ಯಾನ್‌ಡಿರ್, ಡೈರೆಕ್ಟರಿಯನ್ನು ಓದುವಾಗಲೇ ಸಿಗುವ ಆ ಮಾಹಿತಿಯನ್ನು ಎಸೆಯದೆ ಹೆಸರಿನ ಜೊತೆಯಲ್ಲೇ ಇಟ್ಟುಕೊಡುತ್ತದೆ. ಇದರಿಂದ ಫೋಲ್ಡರ್‌ಗಳ ಆಳಕ್ಕಿಳಿದು ಹುಡುಕುವ ವಾಕ್ ಫಂಕ್ಷನ್ ಲಿನಕ್ಸ್‌ನಂತಹ ವ್ಯವಸ್ಥೆಗಳಲ್ಲಿ 2ರಿಂದ 3 ಪಟ್ಟು, ವಿಂಡೋಸ್‌ನಲ್ಲಿ 8ರಿಂದ 9 ಪಟ್ಟು ವೇಗವಾಗುತ್ತದೆಂದು ಅದನ್ನು ಸೇರಿಸುವ ಪ್ರಸ್ತಾವದಲ್ಲೇ ಹೇಳಲಾಗಿತ್ತು. ಯುಎಸ್‌ಬಿ ಹಾರ್ಡ್‌ಡಿಸ್ಕಿನ ಮೇಲೆ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಗಡಿಯಾರ ನೋಡದೆಯೇ ಅರಿವಿಗೆ ಬರುತ್ತದೆ. ಸ್ಕ್ಯಾನ್‌ಡಿರ್ ತಾನಾಗಿ ಯಾವ ಕ್ರಮವನ್ನೂ ಪಾಲಿಸುವುದಿಲ್ಲ, ವಿಂಗಡಣೆ ನಮ್ಮದೇ ಹೊಣೆ. ನನಗೆ ಬೇಕಾಗಿದ್ದದ್ದು ಅದೇ ಸ್ವಾತಂತ್ರ್ಯ. ಪೈಥಾನಿನ ಇಂಟ್ ಫಂಕ್ಷನ್‌ಗೆ ೧೦ ಎಂದು ಕನ್ನಡದಲ್ಲಿ ಕೊಟ್ಟರೂ ಅದು ಹತ್ತೆಂದೇ ಓದುತ್ತದೆ. ಹೆಸರಿನಿಂದ ಅಂಕಿಗಳನ್ನು ಬೇರ್ಪಡಿಸಿ ಸಂಖ್ಯೆಯಾಗಿಸುವ ನಾಲ್ಕು ಸಾಲು ಬರೆದಾಗ ೨, 3, ೧೦ ಎಲ್ಲವೂ ತಂತಮ್ಮ ಜಾಗಕ್ಕೆ ಬಂದವು.

ಹೋಲಿಕೆಯ ನಿಜವಾದ ಪರೀಕ್ಷೆ ನಡೆದದ್ದು ಬೇಲೂರಿನಲ್ಲಿ, ಅಂದರೆ ಬೇಲೂರಿನ ಫೋಲ್ಡರಿನಲ್ಲಿ. ಪರಿಚಿತರೊಬ್ಬರು ತಮ್ಮ ಹಳೆಯ ಮ್ಯಾಕ್ ಗಣಕದಿಂದ ಟಾರ್ ಮಾಡಿ, ಅಂದರೆ ಒಂದೇ ಕಡತವಾಗಿ ಕಟ್ಟಿ, ಕಳುಹಿಸಿದ ಚಿತ್ರಗಳನ್ನು ಬಿಚ್ಚಿದ ಮರುದಿನ ಮೇಷ್ಟ್ರು ಪಟ್ಟಿ ನೋಡಿ, "ಇದೇನಪ್ಪಾ, ಬೇಲೂರು ಎರಡು ಸಲ ಬಂದಿದೆಯಲ್ಲ?" ಎಂದರು. ಎಲ್‌ಎಸ್, ಈಝಾ, ಟ್ರೀ ಮೂರೂ ಎರಡು ಬೇಲೂರುಗಳನ್ನು ಕೂದಲೆಳೆಯ ವ್ಯತ್ಯಾಸವಿಲ್ಲದೆ ತೋರಿಸುತ್ತಿದ್ದವು. ಕೊನೆಗೆ ಗಣಕದ ಭಾಷೆಯ ಹೊಂದಿಕೆಯಾದ ಲೊಕೇಲನ್ನು, ಕನ್ನಡ ಅರಿಯದ ಸಿ ಎಂದು ಬದಲಿಸಿ ಎಲ್‌ಎಸ್ ಓಡಿಸಿದೆ. ಆಗ ಅದು ಕನ್ನಡ ಅಕ್ಷರಗಳ ಬದಲು ಬೈಟುಗಳನ್ನು 0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಮೂರಂಕಿಯ ಅಷ್ಟಮಾನ ಸಂಖ್ಯೆಗಳಾಗಿ ತೋರಿಸುತ್ತದೆ. ಎರಡೂ ಹೆಸರುಗಳು 340 262 254 ಎಂಬ ಬಕಾರದಿಂದಲೇ ಆರಂಭವಾಗುತ್ತಿದ್ದವು. ಅದರ ಮುಂದೆ ಒಂದರಲ್ಲಿ 340 263 207 ಎಂದಿತ್ತು, ಇನ್ನೊಂದರಲ್ಲಿ 340 263 206, 340 263 225 ಎಂದಿತ್ತು. ನಮ್ಮ ಫೋಲ್ಡರಿನಲ್ಲಿ ಏತ್ವ ಒಂದೇ ಚಿಹ್ನೆಯಾಗಿತ್ತು. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿದ್ದುದರಿಂದ ಅಲ್ಲಿಂದ ಬಂದದ್ದರಲ್ಲಿ ಏತ್ವವು ಎತ್ವ ಮತ್ತು ದೀರ್ಘ ಎಂದು ಎರಡಾಗಿತ್ತು. ಒಂದು ಬೇಲೂರು 18 ಬೈಟು, ಇನ್ನೊಂದು 21 ಬೈಟು. ರೋಗವನ್ನು ತೋರಿಸಿಕೊಟ್ಟದ್ದು ಹಳೆಯ ಎಲ್‌ಎಸ್ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಆದರೆ ಚಿಕಿತ್ಸೆ ಪೈಥಾನಿನಲ್ಲಿ ಮಾತ್ರ ಸುಲಭವಾಗಿತ್ತು. ಯೂನಿಕೋಡ್‌ಡೇಟಾ ಎಂಬ ಅದರ ಮಾಡ್ಯೂಲಿನಲ್ಲಿ ನಾರ್ಮಲೈಸ್ ಫಂಕ್ಷನ್ ಇದೆ. ಸ್ಕ್ಯಾನ್‌ಡಿರ್ ಕೊಟ್ಟ ಪ್ರತಿ ಹೆಸರನ್ನೂ ಅದರ ಮೂಲಕ ಹಾಯಿಸಿ ಕೂಡಿದ ರೂಪಕ್ಕೆ ತಂದೆ. ಒಂದೇ ಆಗಿಬಿಡುವ ಹೆಸರುಗಳನ್ನು ಮೊದಲು ಕಾಗದದ ಮೇಲೆ ನೋಡಿಕೊಂಡು, ಆನಂತರವೇ ಫೋಲ್ಡರ್‌ಗಳನ್ನು ಸೇರಿಸಿದೆ. ಹೊಳೆನರಸೀಪುರ, ಅರಸೀಕೆರೆಗಳಲ್ಲಿಯೂ ಅದೇ ಜೋಡಿಗಳು ಸಿಕ್ಕವು, ಏಕೆಂದರೆ ಈತ್ವವೂ ಹಾಗೆಯೇ ಬಿಡಿಯಾಗುತ್ತದೆ.

ಹೆಸರಿನ ಉದ್ದದ ಮಿತಿಯ ಬಗ್ಗೆ ಯಾವ ಸಾಧನವೂ ಮುಂಚಿತವಾಗಿ ಎಚ್ಚರಿಸಲಿಲ್ಲ. ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4ರಲ್ಲಿ ಒಂದು ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಕನ್ನಡದ ಪ್ರತಿ ಸಂಕೇತಕ್ಕೂ (ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಒಂದೊಂದೂ ಒಂದು ಸಂಕೇತ) ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟು ಬೇಕಾಗುವುದರಿಂದ ನಮಗೆ ದಕ್ಕುವುದು 85 ಸಂಕೇತಗಳು. ಸ್ತ್ರೀ ಎಂಬ ಒಂದೇ ಅಕ್ಷರ ಅವುಗಳಲ್ಲಿ 6ನ್ನು ನುಂಗುತ್ತದೆ. ದೇವಾಲಯದ ಹೆಸರು, ಶಾಸನದ ಕಾಲ, ಕಲ್ಲಿನ ಸ್ಥಾನ ಎಲ್ಲವನ್ನೂ ಕಡತದ ಹೆಸರಿನಲ್ಲೇ ತುಂಬುವ ಮೇಷ್ಟ್ರ ಪದ್ಧತಿಯನ್ನು ಈ ಕಾರಣದಿಂದ ಬಿಡಬೇಕಾಯಿತು.

ಈಗ ದಿನನಿತ್ಯ ನೋಡಲು ಈಝಾ, ಮುದ್ರಿಸಲು ಟ್ರೀ, ಅನುಮಾನ ಬಂದಾಗ ಸಿ ಲೊಕೇಲಿನ ಎಲ್‌ಎಸ್, ತಿಂಗಳ ತಾಳೆಗೆ ಸ್ಕ್ಯಾನ್‌ಡಿರ್ ಬಳಸುತ್ತೇನೆ. ತಾಳೆಯ ಸ್ಕ್ರಿಪ್ಟಿಗೆ ಕಳೆದ ತಿಂಗಳು ಇನ್ನೊಂದು ಸಾಲು ಸೇರಿತು. ಯೂನಿಕೋಡಿನಲ್ಲಿ ಳಕಾರವು ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಇರುವುದರಿಂದ ಸಂಕೇತಗಳ ಕ್ರಮದಲ್ಲಿ ವಿಂಗಡಿಸಿದರೆ ಹೊಳೆ ಎಂದು ಆರಂಭವಾಗುವ ಊರುಗಳು ಹೊಸ ಎಂದು ಆರಂಭವಾಗುವ ಊರುಗಳಿಗಿಂತ ಮೊದಲು ಬರುತ್ತವೆ. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಹಕಾರದ ನಂತರವೇ ಳಕಾರ. ಹಕಾರದ ಮುಂದಿನ ಸಂಕೇತಸ್ಥಾನ ಯೂನಿಕೋಡಿನಲ್ಲಿ ಖಾಲಿ ಇದೆ. ವಿಂಗಡಿಸುವ ಹೊತ್ತಿಗೆ ಮಾತ್ರ ಳಕಾರವನ್ನು ಆ ಖಾಲಿ ಜಾಗದಲ್ಲಿ ಕೂರಿಸುವಂತೆ ಮಾಡಿದ ಮೇಲೆ ಪಟ್ಟಿಯೂ ನೋಟ್‌ಬುಕ್ಕೂ ಮೊದಲ ಬಾರಿಗೆ ಸಾಲುಸಾಲಾಗಿ ಕೂಡಿಬಂದವು.