ಗೇಸೇ ಅಬ್ಸರ್ವೇಟರಿ, ಕೊಚಿ: ಸೇತುವೆ ನೋಡಿ ನಕ್ಕೋರು ಇಲ್ಲಿಗೂ ಹೋಗ್ಬನ್ನಿ

ಜಪಾನಿನ ಕೊಚಿಗೆ ಹೋದೋರೆಲ್ಲ ಮೊದ್ಲು ಹರಿಮಾಯಾ ಸೇತುವೆ ನೋಡ್ತಾರೆ, ನೋಡಿ "ಇಷ್ಟೇನಾ" ಅಂತಾರೆ. ನಾನೂ ಅಂದೆ. ಊರ ಮಧ್ಯ, ಟ್ರಾಮ್ ಓಡೋ ರೋಡ್ ಪಕ್ಕ ಒಂದು ಪುಟ್ಟ ಕೆಂಪು ಸೇತುವೆ, ಹತ್ತಿದ್ವಿ ಅನ್ನೋಷ್ಟ್ರಲ್ಲಿ ಇಳಿದಿರ್ತೀವಿ. ಜಪಾನಿನೋರೇ ಇದನ್ನ ದೇಶದ ಮೂರು ದೊಡ್ಡ ನಿರಾಸೆಗಳಲ್ಲಿ ಒಂದು ಅಂತ ಆಡ್ಕೋತಾರೆ. ಆದ್ರೆ ಇದೇ ಸೇತುವೆ ಹೆಸರಿನ ಕ್ಷುದ್ರಗ್ರಹ ಒಂದು ಸೂರ್ಯನ ಸುತ್ತ ತಿರುಗ್ತಾ ಇದೆ, ನಂಬರ್ 2582, ಅದು ಸಿಕ್ಕಿದ್ದು ಕೊಚಿ ಹತ್ರದ ಗೇಸೇ ಅನ್ನೋ ಹಳ್ಳಿಯ ಬೆಟ್ಟದ ಮೇಲಿರೋ ಈ ಅಬ್ಸರ್ವೇಟರಿಯಿಂದ.

ಕಂಡುಹಿಡಿದೋರು ತ್ಸುತೊಮು ಸೆಕಿ. ಕೊಚಿಯೋರೇ, 1930ರಲ್ಲಿ ಹುಟ್ಟಿದ್ದು. ಕೆಲಸ ಏನಪ್ಪಾ ಅಂದ್ರೆ ಗಿಟಾರ್ ಮೇಷ್ಟ್ರು! 1965ರ ಸೆಪ್ಟೆಂಬರ್‌ನಲ್ಲಿ ಒಂದೇ ಬೆಳಗಿನ ಜಾವ ಇವ್ರೂ, ದೂರದ ಶಿಜುವೊಕಾದಲ್ಲಿ ಪಿಯಾನೋ ಫ್ಯಾಕ್ಟರಿ ಕೆಲಸಗಾರ ಇಕೆಯಾನೂ, ಒಬ್ರಿಗೊಬ್ರು ಗೊತ್ತಿಲ್ದೆ ಒಂದೇ ಧೂಮಕೇತು ಹಿಡಿದ್ರು. ಅದೇ ಇಕೆಯಾ-ಸೆಕಿ, ಅಕ್ಟೋಬರ್‌ನಲ್ಲಿ ಸೂರ್ಯನ ಹತ್ರ ಹೋದಾಗ ಹಾಡಹಗಲೇ ಕಾಣಿಸ್ತಿತ್ತು. ಆಮೇಲೆ ಗೇಸೇಲಿ 60 ಸೆಂಟಿಮೀಟರ್ ಕನ್ನಡಿಯ ಟೆಲಿಸ್ಕೋಪ್ (ರಿಫ್ಲೆಕ್ಟರ್) ಬಂತು, ಕೊಟ್ಟಿದ್ದು ಟೆಲಿಸ್ಕೋಪ್ ಕಂಪನಿ ಕಟ್ಟಿದ ಸೇಜೋ ಗೊತೊ. 1981ರಿಂದ ಇಲ್ಲಿಂದ ಸೆಕಿ ಹಿಡಿದ ಕ್ಷುದ್ರಗ್ರಹಗಳು ಇನ್ನೂರಕ್ಕೂ ಜಾಸ್ತಿ.

ಕ್ಷುದ್ರಗ್ರಹ ಹಿಡಿಯೋದು ಹೇಗೆ ಅಂದ್ರೆ, ಒಂದೇ ಜಾಗದ ಆಕಾಶವನ್ನ ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ಫೋಟೋ ತೆಗೀಬೇಕು, ನಕ್ಷತ್ರಗಳೆಲ್ಲ ಇದ್ದಲ್ಲೇ ಇರ್ತವೆ, ಒಂದು ಚುಕ್ಕಿ ಮಾತ್ರ ಚೂರು ಸರಿದಿರುತ್ತೆ, ಅದನ್ನ ಬರೀ ಕಣ್ಣಲ್ಲಿ ಹುಡುಕಿ ತೆಗೀಬೇಕು. ಸಿಕ್ತು ಅಂತ ಕುಣಿಯೋ ಹಾಗೂ ಇಲ್ಲ, ಬೇರೆ ರಾತ್ರಿಗಳಲ್ಲೂ ಅದನ್ನೇ ಹಿಡಿದು, ಕಕ್ಷೆ ಖಚಿತ ಆದ್ಮೇಲೇ ನಂಬರ್ ಸಿಗೋದು, ನಂಬರ್ ಆದ್ಮೇಲೆ ಹೆಸರು ಸೂಚಿಸೋ ಅವಕಾಶ ಕಂಡುಹಿಡಿದೋರಿಗೆ. ಸೆಕಿ ಆ ಅವಕಾಶ ಎಲ್ಲಾ ಊರಿಗೇ ಸುರಿದುಬಿಟ್ಟಿದಾರೆ: ಕೊಚಿ, ಗೇಸೇ, ತೊಸಾ (ಕೊಚಿ ಸೀಮೆಯ ಹಳೇ ಹೆಸರು), ಶಿಮಾಂತೊ ನದಿ, ಇಲ್ಲಿನ ಹೆಸರಾಂತ ಸಮುರಾಯ್ ರ್ಯೋಮಾ, ಟೆಲಿಸ್ಕೋಪ್ ಕೊಟ್ಟ ಗೊತೊ ಕೂಡ. (ಸೆಕಿ ಹೆಸರಲ್ಲೂ ಒಂದಿದೆ, 3426, ಅದು ಜರ್ಮನಿಯಲ್ಲಿ ಸಿಕ್ಕಿದ್ದು, ಪಾಪ.)

ಇನ್ನು ಭೇಟಿ ವಿಷ್ಯ. ನಾವು ಹೋಗಿದ್ದು 2024ರ ನವೆಂಬರ್. ಶನಿ ನೋಡಿದ್ವಿ, ಆ ವರ್ಷ ಉಂಗುರದ ಅಂಚು ಹೆಚ್ಚುಕಮ್ಮಿ ನಮ್ಮ ಕಡೆಗೇ ತಿರುಗಿ ತೆಳ್ಳಗೆ ಗೆರೆ ತರ ಇತ್ತು, ನನ್ನ ಹೆಂಡ್ತಿ "ಶನಿಗೆ ಕಡ್ಡಿ ಚುಚ್ಚಿದಾರೆ" ಅಂದ್ಲು, ಆಮೇಲಿಂದ ನಂಗೆ ಹಂಗೇ ಕಾಣ್ತಿದೆ. ಮಧ್ಯ ಇಪ್ಪತ್ತು ನಿಮಿಷ ಮೋಡ, ಸುಮ್ನೆ ಕತ್ಲಲ್ಲಿ ನಿಂತಿದ್ವಿ, ಪೆಸಿಫಿಕ್ ಕಡೆಯಿಂದ ಗಾಳಿ ಬೇರೆ. ಕ್ಷುದ್ರಗ್ರಹ ನೋಡ್ತೀವಿ ಅಂತ ಹೋಗ್ಬೇಡಿ, ಕಂಡ್ರೂ ಅದು ಒಂದು ಚುಕ್ಕಿ ಅಷ್ಟೇ, ಪಕ್ಕದ ನಕ್ಷತ್ರಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ನನ್ನ ಜಪಾನೀಸ್ ಅರ್ಧಂಬರ್ಧ, ಆದ್ರಿಂದ ವಿವರಣೆಯಲ್ಲಿ ಅರ್ಧ ತಲೆ ಮೇಲೇ ಹೋಯ್ತು, ಭಾಷೆ ಬರೋ ಫ್ರೆಂಡ್ ಇದ್ರೆ ಕರ್ಕೊಂಡು ಹೋಗಿ.

ಸುಮ್ನೆ ಹೋದ್ರೆ ಒಳಗೆ ಬಿಡಲ್ಲ, ಮೊದ್ಲೇ ಬುಕ್ ಮಾಡ್ಬೇಕು. ಗೊಮೆನ್-ನಹಾರಿ ಲೈನ್‌ನಲ್ಲಿ ವಾಜಿಕಿ ಸ್ಟೇಷನ್ ಇದೆ, ಆದ್ರೆ ಅಲ್ಲಿಂದ ಬೆಟ್ಟ, ಅದೂ ರಾತ್ರಿ, ಕಾರ್ ತಗೊಳ್ಳಿ. ನನ್ನ ಮಾರ್ಕ್ಸ್ ಐದಕ್ಕೆ ನಾಲ್ಕೂವರೆ, ಅರ್ಧ ಮೋಡಕ್ಕೆ ಕಟ್. ದಪ್ಪ ಜಾಕೆಟ್ ಮರೀಬೇಡಿ, ನಾನು ಮರೆತು ಹೆಂಡ್ತಿ ಶಾಲ್ ಹೊದ್ಕೊಂಡು ನಿಂತಿದ್ದೆ.